ಪಟ್ಟಿ ಮಂಚದಲ್ಲಿ ಮಲಗಿದ ರೌನೋ

ರೌನೋ ಕಿಸ್ಕೋಲಾ ಜಾಸ್ತಿ ಮಾತಾಡೋ ಮನುಷ್ಯ ಅಲ್ಲ. ಫಿನ್ಲೆಂಡಿನ ಕೈನೂ ಅನ್ನೋ ಈ ಸೀಮೇಲಿ ಯಾರೂ ಜಾಸ್ತಿ ಮಾತಾಡಲ್ಲ. ಆದ್ರೆ ರೌನೋ ನಮ್ಮ ಲೆಕ್ಕಕ್ಕೂ ಕಮ್ಮೀನೇ. ಅವರಪ್ಪ ಕಾಡಲ್ಲಿ ಮರ ಕಡಿಯೋನು. ಊಟಕ್ಕೆ ಕೂತಾಗ ಉಪ್ಪು ಬೇಕಾದ್ರೆ ಕೇಳ್ತಿರಲಿಲ್ಲ, ಎದ್ದು ಮೇಜು ಸುತ್ತಿ ಬಂದು ತಗೊಳ್ತಿದ್ದ. ಅವರಮ್ಮನೂ ಹಂಗೇ. ಮನೇಲಿ ಯಾರಾದ್ರೂ ಸುಮ್ನೆ ಕೂತಿದ್ರೆ ಅವರಿಗೇನೂ ತೊಂದರೆ ಇಲ್ಲ ಅಂತ ಅರ್ಥ. ಸುಮ್ನೆ ಕೂತೋರನ್ನ ಮಾತಾಡಿಸಿ ಕೆದಕೋದು ಮರ್ಯಾದಸ್ಥರ ಕೆಲಸ ಅಲ್ಲ. ಇದನ್ನ ರೌನೋಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡೋಕೆ ಮಾತಾಡಬೇಕಾಗ್ತಿತ್ತಲ್ಲ. ನೋಡಿ ನೋಡಿ ಕಲಿತ.

ಸ್ಕೂಲು ಅವನಿಗೆ ಹತ್ತಲಿಲ್ಲ. ಭುಜ ಮಾತ್ರ ಅಗಲ ಇತ್ತು. ಇಪ್ಪತ್ತು ದಾಟಿದ ಮೇಲೆ ಸರೋವರದ ಆಚೆ ದಡದಲ್ಲಿರೋ ಮನೋರೋಗದ ಆಸ್ಪತ್ರೇಲಿ ಅಟೆಂಡರ್ ಆಗಿ ಸೇರ್ಕೊಂಡ. ಆಗ ಆ ಕೆಲಸಕ್ಕೆ ಮೊದಲು ಭುಜ ನೋಡ್ತಿದ್ರು, ಆಮೇಲೆ ಹೆಸರು ಕೇಳ್ತಿದ್ರು. ಅಲ್ಲೇ ಅಡುಗೆಮನೇಲಿ ಕೆಲಸ ಮಾಡ್ತಿದ್ದ ಇರ್ಯಾ ಸಿಕ್ಕಳು. ಇವನ ತಟ್ಟೆಗೆ ಒಂದು ಆಲೂಗಡ್ಡೆ ಜಾಸ್ತಿ ಹಾಕೋಳು. ಇವನು ಅದನ್ನ ತಿಂದು ತಟ್ಟೆ ವಾಪಸ್ ಕೊಡೋನು. ಒಂದು ಚಳಿಗಾಲ ಪೂರ್ತಿ ಹಂಗೇ ನಡೀತು. ಬೇಸಿಗೇಲಿ ಮದುವೆ ಆದ್ರು.

ಮಕ್ಕಳಾಗಲಿಲ್ಲ. ಅದರ ಬಗ್ಗೆನೂ ಮಾತಾಡಲಿಲ್ಲ.

ಕೆಲವು ವರ್ಷದ ಹಿಂದೆ ಇರ್ಯಾಗೆ ಹೊಟ್ಟೆ ಒಳಗೆ ಗಡ್ಡೆ ಬಂತು. ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರೋಳು. ಆರಾಮಾಗಿದಾಳೆ ಅಂತ ರೌನೋ ಅಂದ್ಕೊಂಡ. ಡಾಕ್ಟ್ರು ಆಮೇಲೆ ಹೇಳಿದ್ರು, ಅಷ್ಟೊಂದು ನೋವು ಇಟ್ಕೊಂಡು ಒಂದು ಮಾತೂ ಆಡದೆ ಇದ್ದದ್ದು ಹೆಂಗೋ ಗೊತ್ತಾಗ್ತಿಲ್ಲ ಅಂತ. ಅವಳನ್ನ ಮಣ್ಣು ಮಾಡಿದ ಮಾರನೇ ದಿನ ಇವನು ಡ್ಯೂಟಿಗೆ ಹೋದ. ವಾರ್ಡಿನ ಹೆಡ್ ನರ್ಸ್ ಸಿರ್ಕಾ ಕೇಳಿದಳು, "ಹೆಂಗಿದೀಯ ರೌನೋ?"

"ಪರವಾಗಿಲ್ಲ."

ಸುಳ್ಳಲ್ಲ ಅದು. ಅವನಿಗೆ ಏನೂ ಅನ್ನಿಸ್ತಿರಲಿಲ್ಲ. ಎದೆ ಒಳಗೆ ಯಾರೋ ಹತ್ತಿ ತುರುಕಿದಂಗೆ ಇತ್ತು. ಅಳು ಬರುತ್ತೆ ಅಂತ ಕಾದ. ಬರಲಿಲ್ಲ. ಆಮೇಲೆ ಕಾಯೋದೂ ಬಿಟ್ಟ. ಕಾಫಿ ಕಾಫಿ ತರ ಇರ್ತಿರಲಿಲ್ಲ, ಬಿಸಿ ಇರ್ತಿತ್ತು ಅಷ್ಟೆ. ವಾರಪೂರ್ತಿ ಹಂಗೇ. ಶನಿವಾರ ಮಾತ್ರ ಸ್ವಲ್ಪ ಬೇರೆ.

ಶನಿವಾರ ಎನ್ಸಿಯೋ ಜೊತೆ ಸೌನಾ, ಅಂದ್ರೆ ಹಬೆ ಸ್ನಾನ.

ಎನ್ಸಿಯೋ ಕೆಳಗಿನ ವಾರ್ಡಿನ ಹಳೇ ರೋಗಿ. ರೌನೋ ಕೆಲಸಕ್ಕೆ ಸೇರಿದಾಗಲೇ ಅಲ್ಲಿದ್ದ. ಇಬ್ಬರಿಗೂ ಹೆಚ್ಚು ಕಮ್ಮಿ ಒಂದೇ ವಯಸ್ಸು, ಇಬ್ಬರ ತಲೇನೂ ಒಟ್ಟಿಗೇ ಬೋಳಾಯ್ತು. ಒಂದ್ಸಲ ಸೌನಾದಲ್ಲಿ ಎನ್ಸಿಯೋಗೆ ಏನು ಕಂಡಿತೋ, ಜೊತೇಲಿದ್ದ ನರ್ಸಿನ ಮೇಲೆ ಬಿಸಿನೀರು ಎರಚಿಬಿಟ್ಟ. ಅವತ್ತಿಂದ ಅವನ ಜೊತೆ ಸೌನಾಗೆ ಹೋಗೋಕೆ ಯಾರೂ ಒಪ್ಪಲಿಲ್ಲ. ರೌನೋ ಒಪ್ಪಿದ. ಇಬ್ಬರೂ ಬರೀ ಮೈಲಿ ಮೇಲಿನ ಹಲಗೆ ಮೇಲೆ ಕೂರ್ತಿದ್ರು. ಬಿಸಿ ಕಲ್ಲಿನ ಮೇಲೆ ನೀರು ಹಾಕೋಕೆ ಮುಂಚೆ ರೌನೋ ಕೇಳೋನು, "ಹಾಕ್ಲಾ?"

"ಹಾಕು."

ಅಷ್ಟೇ ಮಾತು. ಆ ಹಬೆ ಬೆನ್ನಿಗೆ ತಾಗಿದಾಗ ರೌನೋಗೆ ತನಗೊಂದು ಬೆನ್ನು ಇದೆ ಅಂತ ಗೊತ್ತಾಗ್ತಿತ್ತು. ಎನ್ಸಿಯೋನ ನೋಡೋಕೆ ಬರೋರು ಯಾರೂ ಇರಲಿಲ್ಲ. ರೌನೋಗೂ ಮನೇಲಿ ಯಾರೂ ಇರಲಿಲ್ಲ.

ಎನ್ಸಿಯೋಗೆ ಕೆಟ್ಟ ದಿನಗಳು ಬರ್ತಿದ್ವು. ಆಗ ಗೋಡೆಗೆ ತಲೆ ಚಚ್ಚಿಕೊಳ್ಳೋನು, ರಕ್ತ ಬಂದ್ರೂ ನಿಲ್ಲಿಸ್ತಿರಲಿಲ್ಲ. ನಾಲ್ಕು ಜನ ಹಿಡಿದು ಪಟ್ಟಿ ಮಂಚಕ್ಕೆ ಹಾಕ್ತಿದ್ರು. ಕೈಗೆ ಎರಡು ಪಟ್ಟಿ, ಕಾಲಿಗೆ ಎರಡು, ಸೊಂಟಕ್ಕೊಂದು. ಸ್ವಲ್ಪ ಹೊತ್ತು ಕಿರುಚಾಡೋನು, ಆಮೇಲೆ ಸುಮ್ನಾಗೋನು. ರೌನೋ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕಾವಲು ಕೂರ್ತಿದ್ದ. ಪಾಳಿ ಬದಲಾಗೋವಾಗ ಮುಂದಿನೋರಿಗೆ ಹೇಳೋನು, "ಶಾಂತವಾಗಿದಾನೆ." ಅವರು ತಲೆ ಆಡಿಸೋರು. ಶಾಂತ ಅಂದ್ಮೇಲೆ ಮುಗೀತು.

ಹಿಂಗೆ ನಡೀತಿರೋವಾಗ ರಾಜಧಾನಿಯಿಂದ ಆರ್ಡರ್ ಬಂತು. ಪೊಲೀಸರು, ಜೈಲಿನೋರು, ವೃದ್ಧಾಶ್ರಮದೋರು, ಆಸ್ಪತ್ರೆಯೋರು, ಎಲ್ಲರೂ ಮಾನವ ಹಕ್ಕಿನ ತರಬೇತಿ ತಗೊಳ್ಳಲೇಬೇಕು. ನಮ್ಮ ಆಸ್ಪತ್ರೆಗೆ ಎರಡು ದಿನದ್ದು. ಮುಗಿಸಿದೋರಿಗೆ ಸರ್ಟಿಫಿಕೇಟು. ಅದಿಲ್ಲದೋರು ರೋಗಿಗಳ ಜೊತೆ ಒಬ್ಬರೇ ಇರೋ ಹಾಗಿಲ್ಲ. ಲಾಂಡ್ರಿಗೋ ಉಗ್ರಾಣಕ್ಕೋ ಹೋಗಬೇಕು.

ರೌನೋ ಅದನ್ನ ಓದಿ ಒಂದೇ ವಿಷಯ ಯೋಚಿಸಿದ. ಸರ್ಟಿಫಿಕೇಟ್ ಸಿಗದಿದ್ರೆ ಶನಿವಾರದ ಸೌನಾ ಇಲ್ಲ. ತನಗೂ ಇಲ್ಲ, ಎನ್ಸಿಯೋಗೂ ಇಲ್ಲ.

ಪಾಠ ಮಾಡೋಕೆ ಬಂದೋಳು ಔತಿ ಲೆಹ್ಮುಸ್ ಅಂತ. ನಲವತ್ತರ ಆಸುಪಾಸು, ತೆಳ್ಳಗೆ, ಉಣ್ಣೆ ಕಾಲುಚೀಲದಲ್ಲೇ ಪಾಠದ ಹಾಲ್ ತುಂಬ ಓಡಾಡೋಳು. ಹಗಲು ನಮಗೆ ಪಾಠ, ಸಂಜೆ ಊರಿನ ಲೈಬ್ರರೀಲಿ ಜನರಿಗೆ ಭಾಷಣ. ಒಳ್ಳೆ ಹೆಂಗಸು. ಮೊದಲನೇ ದಿನ ಅವಳು ಕೇಳಿದಳು, "ಹಕ್ಕು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಯಾರಾದ್ರೂ ಹೇಳಿ."

ಎಲ್ಲರೂ ತಮ್ಮ ಬೂಟು ನೋಡ್ಕೊಂಡ್ರು. ಕೊನೆಗೆ ಕೌಕೋ ಬಾಯಿ ಬಿಟ್ಟ. ಕೌಕೋ ರೌನೋ ಜೊತೆಯ ಅಟೆಂಡರು, ವಾರ್ಡಿಗೆಲ್ಲ ಒಬ್ಬನೇ ಮಾತುಗಾರ.

"ಕಾಫಿ," ಅಂದ ಕೌಕೋ.

"ಕಾಫಿನಾ?"

"ಹೂಂ ಕಣಮ್ಮ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ. ಯೂನಿಯನ್ನೋರು ಹೊಡೆದಾಡಿ ಗಳಿಸಿದ್ದು. ಭೂಮಿ ಬಾಯಿ ಬಿಟ್ರೂ ಕಾಫಿ ಬಿಡುವು ಬಿಡಲ್ಲ ನಾವು. ಇದಕ್ಕಿಂತ ದೊಡ್ಡ ಹಕ್ಕು ನಂಗಂತೂ ಗೊತ್ತಿಲ್ಲ."

ಎಲ್ಲರೂ ನಕ್ಕರು. ಔತಿನೂ ನಕ್ಕಳು. ಆಮೇಲೆ ಹೇಳಿದಳು, "ಸರಿ. ಕಟ್ಟಿಹಾಕಿದ ಮನುಷ್ಯ ಕಾಫಿ ಬೇಕು ಅಂತ ಯಾರನ್ನ ಕೇಳಬೇಕು?"

ನಗು ನಿಂತುಹೋಯ್ತು.

ಅವಳು ಸುಮಾರು ಹೇಳಿದಳು. ಯಾವ ಮನುಷ್ಯನನ್ನೂ ಹೀನವಾಗಿ ನಡೆಸ್ಕೋಬಾರದು. ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಕಟ್ಟಬೇಕು. ಕಟ್ಟಿದ ಮನುಷ್ಯನನ್ನ ಒಂದು ಕ್ಷಣನೂ ಒಬ್ಬನೇ ಬಿಡಬಾರದು, ಇದು ಎಲ್ಲಕ್ಕಿಂತ ಮೊದಲನೇದು. ಕೊನೆಗೆ ಹೇಳಿದಳು, "ನಾಳೆ ನೀವೆಲ್ಲ ಒಬ್ಬೊಬ್ಬರಾಗಿ ಪಟ್ಟಿ ಮಂಚದಲ್ಲಿ ಮಲಗ್ತೀರ. ಸ್ವಲ್ಪ ಹೊತ್ತು. ಸಾಕು ಅನ್ನಿಸಿದಾಗ 'ಸಾಕು' ಅನ್ನಿ, ಬಿಚ್ತೀವಿ. ಆಮೇಲೆ ಏನನ್ನಿಸ್ತು ಅಂತ ಎಲ್ಲರ ಮುಂದೆ ಹೇಳಬೇಕು. ಹೇಳಿದ್ರೇನೇ ಸರ್ಟಿಫಿಕೇಟು."

ಬಸ್ ಸ್ಟಾಪಲ್ಲಿ ನಿಂತಾಗ ರೌನೋ ಕೌಕೋನ ಕೇಳಿದ. ತಾನಾಗಿ ಮಾತು ಶುರು ಮಾಡಿದ್ದು ನೋಡಿ ಕೌಕೋನೇ ಬೆಚ್ಚಿಬಿದ್ದ.

"ಅನ್ನಿಸದಿದ್ರೆ?"

"ಏನು ಅನ್ನಿಸದಿದ್ರೆ?"

"ಅದೇ. ಮಲಗಿದಾಗ. ನಂಗೆ ಏನೂ ಅನ್ನಿಸಲ್ಲ ಈಗೀಗ. ಏನು ಹೇಳ್ಲಿ?"

ಕೌಕೋ ಟೋಪಿ ಕೆಳಗೆ ಎಳ್ಕೊಂಡ. "ಅಯ್ಯೋ ಪುಣ್ಯಾತ್ಮ, ಅಷ್ಟಕ್ಕೆ ತಲೆ ಕೆಡಿಸ್ಕೊಂಡಿದೀಯಾ? 'ಅಸಹಾಯಕ ಅನ್ನಿಸ್ತು' ಅನ್ನು. ಜೈಲಿನೋರೂ ಅದನ್ನೇ ಅಂದ್ರಂತೆ, ಪೊಲೀಸರೂ ಅದನ್ನೇ ಅಂದ್ರಂತೆ. ಅವಳು ತಲೆ ಆಡಿಸ್ತಾಳೆ, ಕಾಗದ ಕೊಡ್ತಾಳೆ. ನಾನೂ ಅದನ್ನೇ ಹೇಳೋದು. ಬೇಕಾದ್ರೆ ನೀನು ಮೊದಲು ಹೇಳು, ನಾನು 'ಬಹಳ ಅಸಹಾಯಕ' ಅಂತೀನಿ."

ರೌನೋ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಒಂದ್ಸಲ ಹೇಳಿ ನೋಡಿದ. ಅಸಹಾಯಕ ಅನ್ನಿಸ್ತು. ಬೇರೆ ಯಾರದೋ ಕೋಟು ಹಾಕ್ಕೊಂಡಂಗಿತ್ತು.

ಮಾರನೇ ದಿನ ಗುರುವಾರ. ಜನರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪು ಹಾಲಲ್ಲಿ ಔತಿ ಜೊತೆ, ಇನ್ನೊಂದು ಗುಂಪು ಮಂಚದ ಕೋಣೇಲಿ ಸಿರ್ಕಾ ಜೊತೆ. ರೌನೋದು ಮಂಚದ ಗುಂಪು. ಒಬ್ಬೊಬ್ಬರಾಗಿ ಮಲಗಿದ್ರು. ಎಲ್ಲರೂ ಬೇಗ ಬೇಗ "ಸಾಕು" ಅಂದ್ರು. ಕೌಕೋ ಅಂತೂ ಸೊಂಟದ ಪಟ್ಟಿ ಹಾಕೋಕೆ ಮುಂಚೆನೇ ಅಂದ.

"ನಿಂಗಿನ್ನೂ ಕಟ್ಟೇ ಇಲ್ವಲ್ಲೋ!" ಅಂದಳು ಸಿರ್ಕಾ.

"ಹೊಟ್ಟೆ ಒತ್ತುತ್ತೆ ಕಣೇ. ಇದು ನನ್ನ ಹಕ್ಕು."

ಕೊನೆಗೆ ರೌನೋ ಮಲಗಿದ. ಎರಡು ಕೈ, ಎರಡು ಕಾಲು, ಸೊಂಟ. ಪಟ್ಟಿ ಮೆತ್ತಗಿತ್ತು. ಕಣ್ಣು ಮುಚ್ಚಿಕೊಂಡ. ಏನನ್ನಿಸ್ತಿದೆ ಅಂತ ತನ್ನನ್ನೇ ಕೇಳ್ಕೊಂಡ. ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಮಲಗಿದ್ರೆ ಏನಾದ್ರೂ ಅನ್ನಿಸಬಹುದು, ಸುಳ್ಳು ಹೇಳೋ ಪ್ರಮೇಯ ಬರಲ್ಲ ಅಂತ ಹಂಗೇ ಮಲಗಿದ.

ಕಾಫಿ ಗಂಟೆ ಆಯ್ತು. ಕುರ್ಚಿ ಸರಿದ ಸದ್ದು, ಕಾಲಿನ ಸದ್ದು. ಸಿರ್ಕಾಗೆ ಆಗಲೇ ಫೋನ್ ಬಂತು, "ಕೌಕೋ, ನೋಡ್ಕೋ" ಅಂತ ಹೇಳಿ ಹೊರಗೆ ಹೋದಳು. ಕೌಕೋ ಆಗಲೇ ಬಾಗಿಲಾಚೆ ಇದ್ದ. ಕೇಳಿಸಿಕೊಂಡನೋ ಇಲ್ವೋ. ಎಲ್ಲರೂ ಹೋದ್ರು.

ಬರ್ತಾರೆ ಅಂತ ರೌನೋ ಅಂದ್ಕೊಂಡ.

ಕಾಫಿ ಆದ್ಮೇಲೆ ಗುಂಪು ಬದಲಾಗಬೇಕಿತ್ತು. ಹಾಲಿನೋರು ಮಂಚಕ್ಕೆ ಬರೋದು, ಮಂಚದೋರು ಹಾಲಿಗೆ. ಆದ್ರೆ ಔತಿ ಪಾಠ ಮುಗಿದಿರಲಿಲ್ಲ. ಎಲ್ಲರೂ ಹಾಲಲ್ಲೇ ಕೂರಿ, ಮಂಚದ ಕೆಲಸ ಊಟ ಆದ್ಮೇಲೆ ನೋಡೋಣ ಅಂದಳು. ಔತಿಗೆ ರೌನೋ ಮುಖಾನೇ ಸರಿಯಾಗಿ ಗೊತ್ತಿಲ್ಲ. ಸಿರ್ಕಾ ಅಂದ್ಕೊಂಡಳು, ಕೌಕೋ ಬಿಚ್ಚಿದಾನೆ, ರೌನೋ ಎಲ್ಲೋ ಹಿಂದಿನ ಸಾಲಲ್ಲಿ ಕೂತಿರ್ತಾನೆ. ಅವನು ಯಾವಾಗ್ಲೂ ಹಿಂದಿನ ಸಾಲೇ ತಾನೆ.

ಇತ್ತ ರೌನೋಗೆ ಮೂಗು ತುರಿಸ್ತಿತ್ತು. ಭುಜಕ್ಕೆ ಉಜ್ಜೋಕೆ ನೋಡಿದ, ತಲುಪಲಿಲ್ಲ. ಉಚ್ಚೆಗೂ ಅರ್ಜೆಂಟ್ ಆಗ್ತಿತ್ತು. "ಸಾಕು" ಅಂದ. ಮೆಲ್ಲಗೆ. ಖಾಲಿ ಕೋಣೇಲಿ ಆ ಮಾತು ಅವನಿಗೇ ವಾಪಸ್ ಬಂತು. ಜೋರಾಗಿ ಕೂಗಬಹುದಿತ್ತು. ಆದ್ರೆ ಜನ್ಮದಲ್ಲಿ ಅವನು ಕೂಗಿದ್ದೇ ಇಲ್ಲ. ಇಷ್ಟಕ್ಕೆಲ್ಲ ಕೂಗೋದಾ ಅಂತ ಮೊದಲು ಅನ್ನಿಸ್ತು. ಹೊತ್ತು ಹೋದಂಗೆ ನಾಚಿಕೆ ಆಯ್ತು. ಈಗ ಕೂಗಿದ್ರೆ, ಇಷ್ಟು ಹೊತ್ತು ಯಾಕೆ ಕೂಗಲಿಲ್ಲ ಅಂತ ಕೇಳ್ತಾರೆ. ಏನು ಹೇಳೋದು?

ಆಗ ಬಾಗಿಲು ತೆರೀತು. ರೌನೋ ಕಣ್ಣು ಮುಚ್ಚಿತ್ತು. ಹೆಜ್ಜೆ ಇಡೋ ರೀತೀಲೇ ಕೌಕೋ ಅಂತ ಗೊತ್ತಾಯ್ತು. ಮರೆತ ಕನ್ನಡಕ ತಗೊಳ್ಳೋಕೆ ಬಂದಿದ್ದ. ಹಿಂದೆ ಇನ್ಯಾರೋ ಇದ್ರು.

"ಅಗೋ, ರೌನೋ ಇನ್ನೂ ಇಲ್ಲೇ ಇದಾನಲ್ಲ," ಅಂದ್ರು ಅವರು.

"ಶ್! ಎಬ್ಬಿಸಬೇಡ. ಸಿರ್ಕಾ ಬಿಚ್ಚಿರ್ತಾಳೆ, ಹಂಗೇ ನಿದ್ದೆ ಹೋಗಿದಾನೆ ಮುದುಕ. ಹೆಂಡ್ತಿ ಹೋದ್ಮೇಲೆ ನಿದ್ದೇನೇ ಇಲ್ಲ ಪಾಪ. ನೋಡು, ಎಷ್ಟು ಶಾಂತವಾಗಿದಾನೆ."

ಕೌಕೋ ಲೈಟ್ ಆರಿಸಿದ. ಬಾಗಿಲನ್ನ ಸದ್ದಾಗದಂಗೆ ಮೆಲ್ಲಗೆ, ಬಹಳ ಮೆಲ್ಲಗೆ ಎಳ್ಕೊಂಡ.

ರೌನೋ ಬಾಯಿ ತೆರೆದಿದ್ದ. ಧ್ವನಿ ಬರಲಿಲ್ಲ.

ಆ ಬಾಗಿಲು ಮುಚ್ಚೋ ರೀತಿ ಅವನಿಗೆ ಗೊತ್ತಿತ್ತು. ಪಾಳಿ ಮುಗಿಸಿ ಎನ್ಸಿಯೋನ ಬಿಟ್ಟು ಬರೋವಾಗ, ಮನೇಲಿ ಇರ್ಯಾ ಸುಮ್ನೆ ಕೂತಿದ್ದಾಗ, ಅವನೇ ಹಂಗೆ ಎಷ್ಟೋ ಸಲ ಮುಚ್ಚಿದ್ದ. ಪ್ರೀತಿಯಿಂದಾನೇ ಮುಚ್ಚಿದ್ದ. ಕತ್ತಲಲ್ಲಿ ಅವನು ಮೇಲೆ ನೋಡ್ತಾ ಮಲಗಿದ. ಕಾರಿಡಾರಿಂದ ಬಟಾಣಿ ಸೂಪಿನ ವಾಸನೆ ಬಂತು. ಗುರುವಾರ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕು ಜಾಮು. ದೇಶಪೂರ್ತಿ ಹಂಗೇ. ಊಟದ ಹೊತ್ತಾಯ್ತು ಅಂತ ಗೊತ್ತಾಯ್ತು. ಯಾರೂ ಬರಲ್ಲ ಅಂತಾನೂ ಗೊತ್ತಾಯ್ತು. ಕಣ್ಣಿಂದ ನೀರು ಇಳಿದು ಕಿವಿ ಒಳಗೆ ಹೋಯ್ತು. ದುಃಖ ಏನೂ ಇರಲಿಲ್ಲ. ನೀರು ತಾನಾಗಿ ಇಳೀತು. ಒರೆಸ್ಕೊಳ್ಳೋಕೆ ಕೈ ಇರಲಿಲ್ಲ.

ಊಟದ ಮನೇಲಿ ಕೌಕೋ ಎರಡನೇ ಪ್ಯಾನ್‌ಕೇಕಿಗೆ ಕೈ ಹಾಕಿದಾಗ ಅಡುಗೆಯವಳು ಕೈ ಮೇಲೆ ಹೊಡೆದಳು. "ಅದು ರೌನೋದು. ಬಿಡು."

"ಅವನಿನ್ನೂ ತಿಂದಿಲ್ವಾ? ಗುರುವಾರದ ಪ್ಯಾನ್‌ಕೇಕ್ ಬಿಟ್ನಾ ಅವನು?"

ಸಿರ್ಕಾ ಚಮಚ ಕೆಳಗಿಟ್ಟಳು. "ಕೌಕೋ. ನೀನು ಅವನನ್ನ ಬಿಚ್ಚಿದೆ ತಾನೆ?"

"ನಾನಾ? ನೀನು..."

ಔತಿ ಕುರ್ಚಿ ತಳ್ಳಿ ಎದ್ದಳು. ಕಾಲುಚೀಲದಲ್ಲೇ ಓಡಿದಳು.

ಬಿಚ್ಚಿದ ಮೇಲೆ ರೌನೋ ಯಾರ ಮುಖಾನೂ ನೋಡದೆ ಮೊದಲು ಟಾಯ್ಲೆಟ್ಟಿಗೆ ಹೋದ, ಗೋಡೆ ಹಿಡ್ಕೊಂಡು. ವಾಪಸ್ ಬಂದಾಗ ಎಲ್ಲರೂ ಕಾರಿಡಾರಲ್ಲಿ ಸಾಲಾಗಿ ನಿಂತಿದ್ರು, ಸ್ಕೂಲಲ್ಲಿ ತಪ್ಪು ಮಾಡಿದ ಮಕ್ಕಳ ತರ.

"ತಪ್ಪು ನಂದು," ಅಂದಳು ಔತಿ. "ಕಟ್ಟಿದ ಮನುಷ್ಯನನ್ನ ಒಬ್ಬನೇ ಬಿಡಬಾರದು ಅಂತ ಹೇಳಿಕೊಡೋಕೆ ಬಂದು ನಾನೇ ಬಿಟ್ಟೆ. ಇದನ್ನ ಮೇಲಿನೋರಿಗೆ ತಿಳಿಸಬೇಕು. ತಿಳಿಸಿದ್ರೆ ಈ ತರಬೇತಿ ರದ್ದಾಗುತ್ತೆ. ಯಾರಿಗೂ ಸರ್ಟಿಫಿಕೇಟ್ ಸಿಗಲ್ಲ, ಮುಂದಿನ ತರಬೇತಿ ಶರತ್ಕಾಲಕ್ಕೆ. ಆದ್ರೆ ರೌನೋ, ನೀವೇ ಹೇಳಿ. ನೀವೇ ಬೇಕು ಅಂತ ಮಲಗಿದ್ರಾ? ಹಂಗಿದ್ರೆ ಬೇರೆ ಮಾತು. ನಿಮಗೆ ಹೆಂಗಿತ್ತು?"

ಎಲ್ಲರ ಕಣ್ಣೂ ರೌನೋ ಮೇಲೆ. ಸರ್ಟಿಫಿಕೇಟ್ ಇಲ್ಲ ಅಂದ್ರೆ ಶನಿವಾರ ಇಲ್ಲ, ಶರತ್ಕಾಲದವರೆಗೂ ಇಲ್ಲ. ಅದೊಂದೇ ತಲೇಲಿ ಇತ್ತು.

"ಬೇಕು ಅಂತಾನೇ," ಅಂದ. "ಶಾಂತವಾಗಿತ್ತು. ನಿದ್ದೆ ಬಂದಿತ್ತು."

ಕಾರಿಡಾರ್ ಪೂರ್ತಿ ಉಸಿರು ಬಿಡ್ತು. ಕೌಕೋ ಬೆನ್ನು ತಟ್ಟಿದ. "ನಾನು ಹೇಳಿಲ್ವಾ? ಮಗು ತರ ಮಲಗಿದ್ದ." ಔತಿ ಅವನ ಮುಖಾನೇ ಸ್ವಲ್ಪ ಹೊತ್ತು ನೋಡಿದಳು, ಇನ್ನೇನೋ ಕೇಳೋಳಂಗೆ. ಕೇಳಲಿಲ್ಲ. ಸುಮ್ನೆ ನಿಂತೋನನ್ನ ಕೆದಕೋದು ಅವಳಿಗೂ ಬರ್ತಿರಲಿಲ್ಲ. ಎಷ್ಟು ಓದಿದ್ರೂ ಅವಳೂ ನಮ್ಮೋಳೇ. ಸಂಜೆ ಹೊತ್ತಿಗೆ ಎಲ್ಲರಿಗೂ ಸರ್ಟಿಫಿಕೇಟ್ ಬಂತು. ಪ್ಯಾನ್‌ಕೇಕ್ ತಣ್ಣಗಾಗಿತ್ತು. ರೌನೋ ತಿಂದ.

ಶುಕ್ರವಾರ ಒಬ್ಬ ಬಸ್ ಡ್ರೈವರನ್ನ ಕರ್ಕೊಂಡು ಬಂದ್ರು. ಹೊಸ ರೋಗಿ, ಐದು ರಾತ್ರಿಯಿಂದ ನಿದ್ದೆ ಇಲ್ಲ, ಕುರ್ಚಿ ಎತ್ತಿ ಕಿಟಕಿಗೆ ಹೊಡೆದ. ಹಿಡಿದು ಮಂಚಕ್ಕೆ ಹಾಕಿದ್ರು. ಅವನು ಬೊಬ್ಬೆ ಹೊಡೀತಿದ್ದ, "ಬಿಚ್ರೋ, ಬಿಚ್ರೋ, ನನ್ನ ಬಸ್ಸಲ್ಲಿ ಜನ ಇದಾರೆ!"

ಕೌಕೋ ಅವನ ಭುಜ ಸವರಿದ. "ಅರಚಬೇಡ ಮಾರಾಯ. ಅಗೋ, ಅಲ್ಲಿ ನಿಂತಿದಾನಲ್ಲ ರೌನೋ, ನಿನ್ನೆ ಇದೇ ಮಂಚದಲ್ಲಿ ಊಟ ಬಿಟ್ಟು ನಿದ್ದೆ ಹೊಡೆದ. ಸುಖವಾದ ಮಂಚ ಇದು. ಹೌದೋ ಅಲ್ವೋ, ಹೇಳೋ ರೌನೋ?"

ಡ್ರೈವರ್ ತಲೆ ತಿರುಗಿಸಿ ರೌನೋನ ನೋಡಿದ. ನೋಡ್ತಾನೇ ಇದ್ದ.

ರೌನೋ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಡ್ರೈವರ್ ಸುಮ್ನಾದ.

"ನೋಡಿದ್ಯಾ," ಅಂದ ಕೌಕೋ. "ಶಾಂತ ಆದ."

ಶನಿವಾರ ಸೌನಾ ಕಾಯಿಸಿದ್ರು. ಎನ್ಸಿಯೋ ಮೇಲಿನ ಹಲಗೆ ಮೇಲೆ ಮೊಣಕಾಲು ಹಿಡ್ಕೊಂಡು ಕೂತಿದ್ದ. ರೌನೋ ಕೇಳಿದ, "ಹಾಕ್ಲಾ?"

"ಹಾಕು."

ನೀರು ಬಿತ್ತು, ಕಲ್ಲು ಬುಸುಗುಟ್ಟಿತು. ಹಬೆ ಬಂದು ಹೋಯ್ತು. ರೌನೋ ಇನ್ನೂ ನೀರಿನ ಸೌಟು ಹಿಡ್ಕೊಂಡೇ ಇದ್ದ.

"ಎನ್ಸಿಯೋ."

"ಹಾಂ."

"ಮಂಚದಲ್ಲಿ ಕಟ್ಟಿದಾಗ. ಆಮೇಲೆ ನೀನು ಸುಮ್ನಾಗ್ತೀಯಲ್ಲ."

"ಹಾಂ."

"ಆಗ ಶಾಂತವಾಗಿರ್ತೀಯಾ?"

ಎನ್ಸಿಯೋ ತಿರುಗಿ ನೋಡಿದ. ಸೌನಾದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ತಿತ್ತು.

"ಇಲ್ಲ," ಅಂದ.

"ಮತ್ತೆ ಯಾಕೆ ಹೇಳ್ತಿರಲಿಲ್ಲ? ನಾನು ಪಕ್ಕದಲ್ಲೇ ಇರ್ತಿದ್ನಲ್ಲ."

"ನೀನು ಪೇಪರ್ ಓದ್ತಿರ್ತಿದ್ದೆ," ಅಂದ ಎನ್ಸಿಯೋ. "ಯಾಕೆ ತೊಂದರೆ ಕೊಡೋದು ಅಂತ."

ರೌನೋ ಸೌಟನ್ನ ಬಕೆಟ್ಟಿಗೆ ಇಟ್ಟ. ಒಲೆ ಚಟಪಟ ಅಂತಿತ್ತು. ಬೆನ್ನಿಗೆ ಬಿಸಿ ತಾಗ್ತಿತ್ತೋ ಇಲ್ವೋ ರೌನೋಗೆ ಗೊತ್ತಾಗಲಿಲ್ಲ.

ಭಾನುವಾರ ಮನೇಲಿ ಕೂತಿದ್ದ. ಕಿಟಕಿ ಪಕ್ಕದ ಕುರ್ಚೀಲಿ ಕೂರಲಿಲ್ಲ, ಅದರ ಎದುರು ಕೂತಿದ್ದ.

ಸೋಮವಾರ ಬೆಳಿಗ್ಗೆ ಸಿರ್ಕಾ ಕೋಣೆಗೆ ಹೋಗಿ ಟೋಪಿ ಕೈಲಿ ಹಿಡ್ಕೊಂಡು ನಿಂತ.

"ಗುರುವಾರ ನಾನು ಹೇಳಿದ್ದು ಸುಳ್ಳು," ಅಂದ. "ಶಾಂತವಾಗಿರಲಿಲ್ಲ. ನಿದ್ದೇನೂ ಬಂದಿರಲಿಲ್ಲ. ಬೇಕು ಅಂತ ಮಲಗಿರಲಿಲ್ಲ."

ಸಿರ್ಕಾ ಕಂಪ್ಯೂಟರಿಂದ ಕೈ ತೆಗೆದಳು. "ಕೂತ್ಕೋ."

"ನಿಂತೇ ಇರ್ತೀನಿ."

"ಕೌಕೋ ಬಂದಾಗ ಎಚ್ಚರ ಇತ್ತಾ ನಿಂಗೆ?"

"ಇತ್ತು."

"ಅಯ್ಯೋ ದೇವರೇ. ಮತ್ತೆ ಯಾಕೆ ಬಾಯಿ ಬಿಡಲಿಲ್ವೋ?"

ರೌನೋ ಯೋಚಿಸಿದ. "ಬರಲಿಲ್ಲ," ಅಂದ.

ಸಿರ್ಕಾ ಕಿಟಕಿ ಕಡೆ ನೋಡಿದಳು. ಸರೋವರದ ಮೇಲೆ ಮಂಜುಗಡ್ಡೆ ಇನ್ನೂ ಇತ್ತು, ಯಾರೋ ದೂರದಲ್ಲಿ ತೂತು ಕೊರೆದು ಮೀನು ಹಿಡೀತಾ ಕೂತಿದ್ರು. "ಇದನ್ನ ನಾನು ಕೇಳಿಸ್ಕೊಂಡೆ ಅಂದ್ರೆ ಮೇಲಕ್ಕೆ ಕಳಿಸಲೇಬೇಕು, ಗೊತ್ತಲ್ಲ? ಎಲ್ಲರ ಸರ್ಟಿಫಿಕೇಟೂ ಹೋಗುತ್ತೆ. ಉಳಿದೋರು ಕೆಲವು ವರ್ಷದ ಹಿಂದೆ ಇಂಥದೇ ಇನ್ನೊಂದು ತರಬೇತಿ ತಗೊಂಡಿದಾರೆ, ಶರತ್ಕಾಲದವರೆಗೆ ಅದರಲ್ಲೇ ಹೆಂಗೋ ನಡೆಯುತ್ತೆ. ನಿಂಗೆ ಅದೂ ಇಲ್ಲ, ಆಗ ನೀನು ಹೋಗಲಿಲ್ಲ, ಇರ್ಯಾಗೆ ಹುಷಾರಿರಲಿಲ್ಲ. ನೀನು ಉಗ್ರಾಣಕ್ಕೆ ಹೋಗಬೇಕಾಗುತ್ತೆ."

"ಗೊತ್ತು."

"ಎನ್ಸಿಯೋ ಸೌನಾ?"

"ಅದೂ ಗೊತ್ತು."

"ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬಂದೆ? ಗುರುವಾರದ್ದು ಗುರುವಾರಕ್ಕೆ ಮುಗಿದಿತ್ತಲ್ಲ."

"ಆ ಡ್ರೈವರ್," ಅಂದ ರೌನೋ. "ನನ್ನ ಕಡೆ ನೋಡಿದ." ಎನ್ಸಿಯೋ ಹೇಳಿದ್ದನ್ನೂ ಹೇಳೋಕೆ ಹೋದ. ಅದನ್ನ ಬಿಟ್ಟು ಟೋಪಿ ತಿರುವಿದ. "ಅವನು ಶಾಂತವಾಗಿಲ್ಲ ಸಿರ್ಕಾ. ಅಲ್ಲಿ ಮಲಗಿದೋರು ಯಾರೂ ಶಾಂತವಾಗಿರಲಿಲ್ಲ. ಯಾವತ್ತೂ ಇರಲಿಲ್ಲ."

ಆ ವಾರ ಕೌಕೋ ಇವನ ಜೊತೆ ಮಾತು ಬಿಟ್ಟ. ಬಸ್ ಸ್ಟಾಪಲ್ಲಿ ಒಂದ್ಸಲ ತಡೆಯಲಾರದೆ ಅಂದುಬಿಟ್ಟ, "ನಿನ್ನ ದೆಸೆಯಿಂದ ನಾವೆಲ್ಲ ಮತ್ತೆ ಆ ದರಿದ್ರ ಮಂಚ ಹತ್ತಬೇಕು. ಆ ಹೆಂಗಸಿಗೂ ಮೇಲಿನೋರು ಛೀಮಾರಿ ಹಾಕಿದ್ರಂತೆ. ಸಮಾಧಾನ ಆಯ್ತಾ?" ಸ್ವಲ್ಪ ಹೊತ್ತಾದ ಮೇಲೆ ನೆಲ ನೋಡ್ಕೊಂಡು ಅಂದ, "ನಾನು ಲೈಟ್ ಆರಿಸಿದ್ದು ಒಳ್ಳೇದಕ್ಕೇ ಕಣೋ."

"ಗೊತ್ತು."

"ಹಾಳಾಗ್ಹೋಗ್ಲಿ. ಒಂದ್ಸಲ 'ಲೋ' ಅಂದಿದ್ರೆ ಆಗ್ತಿತ್ತಲ್ಲ."

"ಆಗ್ತಿತ್ತು."

ಉಗ್ರಾಣದಲ್ಲಿ ಕೆಲಸ ಸುಲಭ. ಹಾಸಿಗೆ ಬಟ್ಟೆ ಮಡಚಿಡೋದು, ಕೇಳಿದೋರಿಗೆ ಕೊಡೋದು. ಒಂದು ದಿನ ಔತಿ ಫೋನ್ ಮಾಡಿದಳು. ಕ್ಷಮಿಸಿ ಅಂದಳು. ಬೇರೆ ಊರುಗಳಲ್ಲಿ ಇದನ್ನ ಪಾಠದಲ್ಲಿ ಹೇಳಬಹುದಾ, ಹೆಸರು ಹೇಳಲ್ಲ ಅಂದಳು. "ನನ್ನ ತಪ್ಪನ್ನೂ ಸೇರಿಸಿ ಹೇಳ್ತೀನಿ."

"ಹೇಳಿ," ಅಂದ ರೌನೋ.

"ಏನು ಅಂತ ಹೇಳ್ಲಿ? ನಿಮಗೆ ಏನನ್ನಿಸ್ತು ಅಂತ?"

ಅವನು ಬಹಳ ಹೊತ್ತು ಸುಮ್ನಿದ್ದ. ಅವಳೂ ಕಾದಳು. ಈ ಸಲ ಫೋನ್ ಇಡಲಿಲ್ಲ, ಮಾತನ್ನೂ ಬದಲಿಸಲಿಲ್ಲ. "ರೌನೋ, ಇದೀರಾ?" ಅಂತ ಕೇಳಿದಳು. ಮತ್ತೊಂದ್ಸಲ ಕೇಳಿದಳು.

"ಏನೂ ಅನ್ನಿಸಲಿಲ್ಲ," ಅಂದ ಕೊನೆಗೆ. "ಆದ್ರೆ ಶಾಂತ ಅಲ್ಲ ಅದು. ಎರಡೂ ಬೇರೆ ಬೇರೆ. ಅಷ್ಟು ಹೇಳಿ ಸಾಕು."

ಶನಿವಾರ ಬಂತು. ಎನ್ಸಿಯೋ ಬೇರೆ ಯಾರ ಜೊತೇನೂ ಸೌನಾಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದ. ರೌನೋ ಒಳ್ಳೆ ಅಂಗಿ ಹಾಕ್ಕೊಂಡ. ಬಸ್ ಹತ್ತಿ ಆಸ್ಪತ್ರೆಗೆ ಬಂದ. ವಾರ್ಡಿನ ಕೀಲಿ ಈಗ ಅವನ ಹತ್ರ ಇರಲಿಲ್ಲ. ಬಾಗಿಲಲ್ಲಿ ನಿಂತು ಬೆಲ್ ಒತ್ತಿದ, ಹೊರಗಿನೋರು ಒತ್ತೋ ತರ. ಬಾಗಿಲು ತೆಗೆದ ನರ್ಸ್ ಕಣ್ಣು ಕಣ್ಣು ಬಿಟ್ಟಳು.

"ಯಾರನ್ನ ನೋಡಬೇಕು?" ಅಂದಳು, ಅಭ್ಯಾಸದ ಮೇಲೆ.

"ಎನ್ಸಿಯೋನ."

ಭೇಟಿ ಕೋಣೆ ಚಿಕ್ಕದು. ಎರಡು ಕುರ್ಚಿ, ಒಂದು ಮೇಜು. ನರ್ಸ್ ಬಾಗಿಲ ಹತ್ರ ನಿಂತಳು, ಇಬ್ಬರನ್ನೇ ಬಿಡೋ ಹಾಗಿಲ್ಲ ಅಂತ. ರೌನೋ ಏಲಕ್ಕಿ ಬನ್ ತಂದಿದ್ದ. ಎನ್ಸಿಯೋ ಬಂದು ಕೂತ. ಇಬ್ಬರೂ ಬಟ್ಟೆ ಹಾಕ್ಕೊಂಡು ಎದುರು ಬದುರು ಕೂತಿದ್ದು ಇದೇ ಮೊದಲು. ಎಲ್ಲಿ ನೋಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

"ನೋಡೋಕೆ ಬಂದೋರು ಏನು ಮಾಡ್ತಾರೆ?" ಕೇಳಿದ ಎನ್ಸಿಯೋ.

"ಗೊತ್ತಿಲ್ಲ. ಮಾತಾಡ್ತಾರೆ ಅನ್ಸುತ್ತೆ."

ಎನ್ಸಿಯೋ ಬನ್ ಮುರಿದ. ಅರ್ಧ ಇವನ ಕಡೆ ತಳ್ಳಿದ. ಅಗಿದು ನುಂಗಿ ಆದ್ಮೇಲೆ ಕೇಳಿದ, "ನಿನ್ನನ್ನೂ ಕಟ್ಟಿದ್ರಂತೆ?"

"ಹೂಂ."

"ಮರೆತುಬಿಟ್ರಂತೆ?"

"ಹೂಂ."

"ಕಾಲು ಜೋಮು ಹಿಡೀತಾ?"

ರೌನೋ ತಲೆ ಎತ್ತಿದ. ಇದನ್ನ ಯಾರೂ ಕೇಳಿರಲಿಲ್ಲ.

"ಹಿಡೀತು," ಅಂದ. "ಎಡಗಾಲು. ಮೊದಲು ಬೆರಳು, ಆಮೇಲೆ ಮೇಲೆ ಮೇಲೆ ಬಂತು. ಸೊಂಟದ ತನಕ."

"ಹೌದು," ಅಂದ ಎನ್ಸಿಯೋ. "ಎಡಗಾಲೇ ಮೊದಲು."

ಕುರ್ಚೀನ ಮೇಜಿಗೆ ಇನ್ನೂ ಸ್ವಲ್ಪ ಹತ್ರ ಎಳ್ಕೊಂಡ.

"ಆಮೇಲೆ?" ಅಂದ.